ಕಿವಿಮೊರೆತ: ಮಾತ್ರೆಗೆ ಮೊದಲು ಆಡಿಯೋಗ್ರಾಂ

ಕಿವಿಮೊರೆತವೆಂದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಒಂದು ಪ್ಲಾಸ್ಟಿಕ್ ಕವರ್ ಹಿಡಿದುಕೊಂಡೇ ಬರುತ್ತಾರೆ. ರಕ್ತಪರೀಕ್ಷೆಯ ವರದಿ, ಕೆಲವೊಮ್ಮೆ ಎಂಆರ್‌ಐ ಫಿಲ್ಮು, ನರಕ್ಕೆಂದು ಕೊಟ್ಟ ವಿಟಮಿನ್, ತಲೆಸುತ್ತಿನ ಮಾತ್ರೆ, ಅರ್ಧ ಖಾಲಿಯಾದ ಗಿಂಕ್ಗೊ ಎಂಬ ಗಿಡಮೂಲಿಕೆಯ ಕ್ಯಾಪ್ಸೂಲು, ಎಲ್ಲವೂ ಅದರಲ್ಲಿರುತ್ತವೆ. ಇಲ್ಲದಿರುವುದು ಆಡಿಯೋಗ್ರಾಂ. ಯಾವ ಕಿವಿಗೆ ಯಾವ ಸ್ವರ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ ಅದು. ಅರ್ಧ ಗಂಟೆಯ ಕೆಲಸ, ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ತಿಂಗಳುಗಟ್ಟಲೆ ಔಷಧಿ ನುಂಗಿದವರಿಗೂ ಈ ಪರೀಕ್ಷೆ ಆಗಿರುವುದಿಲ್ಲ. ಶ್ರವಣತಜ್ಞೆಯಾಗಿ ನನಗೆ ಸಿಟ್ಟು ಬರುವುದು ಇಲ್ಲೇ.

ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲೋ ತಲೆಯಲ್ಲೋ ಗುಂಯ್‌ಗುಡುವುದು, ಸಿಳ್ಳೆ ಹೊಡೆದಂತಾಗುವುದು, ಜೀರುಂಡೆ ಕೂಗುವುದು ವಯಸ್ಕರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಮಂದಿಗೆ ಇದ್ದೇ ಇದೆ. ಅವರಲ್ಲಿ ಬಹುಪಾಲು ಜನ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. 1953ರಲ್ಲಿ ಹೆಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿ ಚೆನ್ನಾಗಿ ಕೇಳಿಸುವ 80 ಜನರನ್ನು ಸದ್ದೇ ಇಲ್ಲದ ಕೋಣೆಯಲ್ಲಿ ಕೂರಿಸಿ ಏನು ಕೇಳಿಸುತ್ತದೆ ಎಂದು ವಿಚಾರಿಸಿದರು. ಶೇಕಡಾ 94 ಮಂದಿ ಏನೋ ಒಂದು ಸದ್ದು ಕೇಳುತ್ತಿದೆ ಎಂದರು. ಅಂದರೆ ಮೊರೆತ ಇರುವುದೇ ಒಂದು ರೋಗವಲ್ಲ. ಅದು ಒಬ್ಬರ ನಿದ್ದೆಯನ್ನೂ ಕೆಲಸವನ್ನೂ ಕೆಡಿಸಿದಾಗ ಮಾತ್ರ ಚಿಕಿತ್ಸೆಯ ಮಾತು ಬರುತ್ತದೆ.

ಒಳಗಿವಿಯಲ್ಲಿ ಸದ್ದನ್ನು ಹಿಡಿದು ಮಿದುಳಿಗೆ ಸುದ್ದಿ ಕಳಿಸುವ ಸುಮಾರು 15,000 ರೋಮಕೋಶಗಳಿವೆ. ಗದ್ದಲಕ್ಕೋ ವಯಸ್ಸಿಗೋ ಔಷಧಿಗೋ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಒಂದು ಸ್ವರದ ಜಾಗದಲ್ಲಿ ಕೋಶಗಳು ನಾಶವಾದಾಗ ಮಿದುಳಿಗೆ ಆ ಕಡೆಯಿಂದ ಸುದ್ದಿ ಬರುವುದು ಕಡಿಮೆಯಾಗುತ್ತದೆ. ದೂರದ ಸ್ಟೇಷನ್ ಸಿಗದ ರೇಡಿಯೊದ ವಾಲ್ಯೂಮ್ ತಿರುವಿದಂತೆ ಮಿದುಳು ತನ್ನ ಗ್ರಹಿಕೆಯನ್ನು ಏರಿಸಿಕೊಳ್ಳುತ್ತದೆ, ಸಿಗುವುದು ಬರೀ ಮೊರೆತ. ಗಡ್ಡೆ ತೆಗೆಯುವಾಗ ಶ್ರವಣ ನರವನ್ನೇ ಕತ್ತರಿಸಬೇಕಾಗಿ ಬಂದ ಅನೇಕರಲ್ಲಿ, ಆ ಕಿವಿ ಪೂರ್ತಿ ಕಿವುಡಾದರೂ ಮೊರೆತ ನಿಲ್ಲಲಿಲ್ಲ. 'ನರ ಸರಿಮಾಡಿಕೊಡಿ' ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹಾಗೆಂದು ಗುಣವಾಗುವ ಕಾರಣಗಳನ್ನು ಹುಡುಕದೇ ಬಿಡಬಾರದು. ಗಟ್ಟಿಯಾಗಿ ಅಂಟಿಕೊಂಡ ಗುಗ್ಗೆಯನ್ನು ತೆಗೆದ ಕೂಡಲೇ ಮೊರೆತ ಹೋದವರಿದ್ದಾರೆ. ನಡುಗಿವಿಯ ಪುಟ್ಟ ಮೂಳೆ ಬಿಗಿದುಕೊಂಡಿದ್ದರೆ ಶಸ್ತ್ರಚಿಕಿತ್ಸೆಯಿಂದ ಕೇಳಿಸುವುದೂ ಸುಧಾರಿಸುತ್ತದೆ, ಮೊರೆತವೂ ಹಲವರಲ್ಲಿ ತಗ್ಗುತ್ತದೆ. ಜೆಂಟಮೈಸಿನ್, ಅಮಿಕಾಸಿನ್ ಚುಚ್ಚುಮದ್ದು, ಕ್ಯಾನ್ಸರಿಗೆ ಕೊಡುವ ಸಿಸ್‌ಪ್ಲಾಟಿನ್, ಹೆಚ್ಚು ಪ್ರಮಾಣದ ಆಸ್ಪಿರಿನ್ ಕೂಡ ಮೊರೆತ ತರಬಲ್ಲವು. ನಿಮ್ಮ ಔಷಧಿಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಕೆಲವು ಲಕ್ಷಣಗಳಿದ್ದರೆ ಈ ಅಂಕಣ ಓದುತ್ತಾ ಕೂರಬೇಡಿ. ಮಲಗಿ ಏಳುವಷ್ಟರಲ್ಲಿ ಒಂದು ಕಿವಿ ಕೇಳಿಸದಂತಾಗಿ ಮೊರೆತ ಶುರುವಾಗಿದ್ದರೆ ಅದು ತುರ್ತು. ಸ್ಟಿರಾಯ್ಡ್ ಚಿಕಿತ್ಸೆ ಬೇಗ, ಹೆಚ್ಚೆಂದರೆ ಎರಡು ವಾರದೊಳಗೆ ಆರಂಭವಾಗಬೇಕು. 'ಶೀತ ಇಳಿದಿರಬೇಕು, ಹೋಗುತ್ತದೆ' ಎಂದು ಬಿಸಿ ಎಣ್ಣೆ ಬಿಟ್ಟುಕೊಂಡು ತಿಂಗಳು ಕಳೆದು ಬರುವವರಿಗೆ ನಮ್ಮಿಂದ ಮಾಡಲಾಗುವುದು ಬಹಳ ಕಡಿಮೆ. ನಾಡಿಯ ಲಯಕ್ಕೆ ಸರಿಯಾಗಿ ಧಕ್ ಧಕ್ ಎನ್ನುವ ಮೊರೆತವಾದರೆ ರಕ್ತನಾಳ, ರಕ್ತಹೀನತೆ, ಥೈರಾಯ್ಡ್, ರಕ್ತದೊತ್ತಡ ಎಲ್ಲವನ್ನೂ ನೋಡಬೇಕಾಗುತ್ತದೆ. ಒಂದೇ ಕಿವಿಯ ಮೊರೆತ ಹಟ ಹಿಡಿದು ನಿಂತಿದ್ದರೆ ಎಂಆರ್‌ಐ ಬೇಕಾಗಬಹುದು. ಎರಡೂ ಕಿವಿಯಲ್ಲಿ ವರ್ಷಗಳಿಂದ ಒಂದೇ ರೀತಿ ಇರುವ ಮೊರೆತಕ್ಕೆ ಸಾಮಾನ್ಯವಾಗಿ ಬೇಡ.

ದೊಡ್ಡಬಳ್ಳಾಪುರದ ಕಡೆಯ ನೇಕಾರರೊಬ್ಬರ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪ್ರಾಯದಿಂದಲೂ ವಿದ್ಯುತ್ ಮಗ್ಗದ ಪಕ್ಕದಲ್ಲೇ ದುಡಿದವರು. ಈಗ ಮಗ ನೋಡಿಕೊಳ್ಳುತ್ತಾನೆ. 'ಕರೆಂಟ್ ಹೋದರೂ ನನ್ನ ತಲೆಯೊಳಗಿನ ಮಗ್ಗ ನಿಲ್ಲುವುದಿಲ್ಲ ಮೇಡಂ' ಎಂದರು. ಪಕ್ಕದಲ್ಲಿದ್ದ ಹೆಂಡತಿ, 'ರಾತ್ರಿಯೆಲ್ಲ ಎದ್ದು ಕೂತಿರುತ್ತಾರೆ' ಎಂದರು. ಆಡಿಯೋಗ್ರಾಂನಲ್ಲಿ ನಾನು ನಿರೀಕ್ಷಿಸಿದ್ದೇ ಕಂಡಿತು. ತಗ್ಗು ಸ್ವರಗಳೆಲ್ಲ ಸರಿ, ಕೀರಲು ಸ್ವರದ 4000 ಹರ್ಟ್ಸ್ ಬಳಿ ಗೆರೆ ಹಳ್ಳಕ್ಕೆ ಇಳಿದಿದೆ, ಅಂದರೆ ಅಲ್ಲಿ ಕೇಳಿಸುವುದು ಕುಂದಿದೆ. ಗದ್ದಲದಲ್ಲಿ ದುಡಿದವರ ಕಿವಿಯ ಗುರುತು ಅದು.

ಆಮೇಲೆ ಹೆಡ್‌ಫೋನಿನಲ್ಲಿ ಒಂದೊಂದೇ ಸ್ವರ ಕೊಟ್ಟು ಅವರ ಮೊರೆತಕ್ಕೆ ಹೋಲುವುದನ್ನು ಹುಡುಕಿದೆವು. 3000ಕ್ಕೆ ಅಲ್ಲವೆಂದು ತಲೆಯಾಡಿಸಿದರು, 4000ಕ್ಕೆ 'ಇದೇ, ಇದೇ' ಎಂದರು. ಇನ್ನು ಅದರ ಜೋರು. ಆ ಸ್ವರ ಅವರಿಗೆ ಕೇಳಿಸಲು ಆರಂಭವಾಗುವುದೇ 50 ಡೆಸಿಬೆಲ್‌ಗೆ. ಅಲ್ಲಿಂದ ಒಂದೊಂದೇ ಡೆಸಿಬೆಲ್ ಏರಿಸುತ್ತಾ ಹೋದೆ. ಮೊರೆತದಷ್ಟೇ ಜೋರಾಯಿತೆಂದು 56ಕ್ಕೆ ಕೈ ಎತ್ತಿದರು. ಕೇಳಿಸಲು ಆರಂಭವಾದ ಮಟ್ಟಕ್ಕಿಂತ ಆರೇ ಡೆಸಿಬೆಲ್ ಮೇಲೆ! ಅವರು ನಂಬಲಿಲ್ಲ, ಇನ್ನೊಮ್ಮೆ ಮಾಡಿ ಎಂದರು, ಮಾಡಿದೆ, ಅಲ್ಲಿಗೇ ಬಂದು ನಿಂತಿತು. ಇದೇನೂ ಅಪರೂಪವಲ್ಲ. ಹೆಚ್ಚಿನವರ ಮೊರೆತ ಹೀಗೆ ಅಳೆದಾಗ ಹತ್ತು ಡೆಸಿಬೆಲ್‌ನ ಒಳಗೇ ಸಿಗುತ್ತದೆ.

ಸದ್ದು ಅಷ್ಟು ಸಣ್ಣದಾದರೆ ಸಂಕಟ ಇಷ್ಟು ದೊಡ್ಡದೇಕೆ? 1990ರಲ್ಲಿ ಜಾಸ್ಟ್ರೆಬಾಫ್ ಎಂಬ ವಿಜ್ಞಾನಿ ಮುಂದಿಟ್ಟ ವಿವರಣೆ ಇಂದಿಗೂ ನಮ್ಮ ಕೈಹಿಡಿಯುತ್ತದೆ: ಮಿದುಳು ಆ ಸದ್ದಿಗೆ ಅಪಾಯವೆಂಬ ಮುದ್ರೆ ಒತ್ತಿದೆ, ಹಾಗಾಗಿ ಅದನ್ನು ಕಾಯುತ್ತಲೇ ಇರುತ್ತದೆ. ಕಾದಷ್ಟೂ ಕೇಳಿಸುತ್ತದೆ, ಕೇಳಿಸಿದಷ್ಟೂ ಹೆದರಿಕೆ. ಸಂಕಟವನ್ನು ಅಳೆಯಲು ಟಿನ್ನಿಟಸ್ ಹ್ಯಾಂಡಿಕ್ಯಾಪ್ ಇನ್ವೆಂಟರಿ ಎಂಬ 25 ಪ್ರಶ್ನೆಗಳ, ನೂರು ಅಂಕಗಳ ಪಟ್ಟಿಯೊಂದಿದೆ, ಕನ್ನಡದಲ್ಲೂ ಸಿದ್ಧವಾಗಿದೆ. ಆರು ಡೆಸಿಬೆಲ್‌ನ ಒಬ್ಬರಿಗೆ ಹದಿನಾರು ಅಂಕ ಬಂದರೆ ಅಷ್ಟೇ ಡೆಸಿಬೆಲ್‌ನ ಇನ್ನೊಬ್ಬರಿಗೆ ಎಪ್ಪತ್ತಾರು ಬರುತ್ತದೆ. ಚಿಕಿತ್ಸೆಯಿಂದ ಇಳಿಸಬೇಕಾದದ್ದು ಈ ಅಂಕವನ್ನು. ಯಾವ ಚಿಕಿತ್ಸೆಗೆ ಎಷ್ಟು ದುಡ್ಡು ಹಾಕಬೇಕೆಂದು ತೂಗುವಾಗಲೂ ಇದೇ ತಕ್ಕಡಿ ಸಾಕು.

ಕೇಳಿಸುವುದು ಕಡಿಮೆಯಾಗಿದ್ದರೆ ನನ್ನ ಮೊದಲ ಸಲಹೆ ಹಿಯರಿಂಗ್ ಏಡ್. ಹೊರಗಿನ ಸದ್ದು ಮತ್ತೆ ಬರತೊಡಗಿದಾಗ ಮಿದುಳಿಗೆ ತಡಕಾಡುವ ಅಗತ್ಯ ಕಡಿಮೆಯಾಗುತ್ತದೆ, ಮಾತು ಕೇಳಿಸಿಕೊಳ್ಳಲು ಪಡುವ ಶ್ರಮವೂ ತಪ್ಪುತ್ತದೆ. 'ನನಗೇನು ಕಿವುಡೇ?' ಎಂಬ ಬಿಗುಮಾನ ಇಲ್ಲಿ ದೊಡ್ಡ ಅಡ್ಡಿ, ಅದರಲ್ಲೂ ಗಂಡಸರಲ್ಲಿ. ಕೊಳ್ಳುವ ಮೊದಲು ಕೆಲವು ದಿನ ಮನೆಯಲ್ಲಿ ಹಾಕಿಕೊಂಡು ನೋಡಲು ಕೊಡದ ಅಂಗಡಿಯಿಂದ ಎದ್ದು ಬನ್ನಿ. ಶೇಕಡಾ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರವಿದ್ದು ಆದಾಯ ಮಿತಿಯೊಳಗಿರುವವರಿಗೆ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಸಾಧನ ಸಿಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.

ರಾತ್ರಿಯ ನಿಶ್ಶಬ್ದ ಮೊರೆತಕ್ಕೆ ಅನುಕೂಲ. ಫ್ಯಾನಿನ ಸದ್ದೋ ಮೊಬೈಲಿನಲ್ಲಿ ಮಳೆಯ ಸದ್ದೋ ಸಣ್ಣಗೆ ಇರಲಿ. ಮೊರೆತ ಮುಳುಗಿಹೋಗುವಷ್ಟು ಜೋರು ಬೇಡ. ಎರಡೂ ಕೇಳಿಸುತ್ತಿದ್ದರೆ ತಾನೇ ಮಿದುಳು ಅದಕ್ಕೆ ಒಗ್ಗಿಕೊಳ್ಳುವುದು? ಗದ್ದಲದಿಂದ ಮೊರೆತ ಹೆಚ್ಚುತ್ತದೆಂದು ದಿನವಿಡೀ ಹತ್ತಿ ತುರುಕಿಕೊಂಡು ಕೂರುವುದು ಇದಕ್ಕೆ ತದ್ವಿರುದ್ಧ. ಮಗ್ಗ, ರೈಸ್ ಮಿಲ್, ಉತ್ಸವದ ಡಿಜೆ ಇರುವಲ್ಲಿ ಮಾತ್ರ ಕಿವಿಗೆ ರಕ್ಷಣೆ ಬೇಕು.

ಸಂಶೋಧನೆಯ ಬೆಂಬಲ ಅತಿ ಹೆಚ್ಚು ಇರುವುದು ಅರಿವಿನ ವರ್ತನಾ ಚಿಕಿತ್ಸೆಗೆ, ಎಂದರೆ ಸಿಬಿಟಿಗೆ. ಅದು ಸದ್ದನ್ನು ತಗ್ಗಿಸುವುದಿಲ್ಲ. 'ಇದು ಹೀಗೇ ಇದ್ದರೆ ನನಗೆ ಹುಚ್ಚು ಹಿಡಿಯುತ್ತದೆ' ಎಂಬ ಯೋಚನೆಯನ್ನು ಕಾಗದದ ಮೇಲೆ ಬರೆಸಿ, ಅದರ ನಿಜ ಎಷ್ಟು, ಹೆದರಿಕೆ ಎಷ್ಟು ಎಂದು ವಾರವಾರ ಬಿಡಿಸಿ ನೋಡಿಸುತ್ತದೆ. 'ಹಾಗಾದರೆ ಇದು ನನ್ನ ಭ್ರಮೆ ಎನ್ನುತ್ತೀರಾ?' ಎಂದು ಮುನಿಸಿಕೊಂಡವರಿದ್ದಾರೆ. ಸದ್ದು ನಿಜ, ಸಂಕಟವೂ ನಿಜ. ಕೈಗೆ ಸಿಗುವುದು ಸಂಕಟ. ಕನ್ನಡದಲ್ಲಿ ಇದನ್ನು ಮಾಡುವ ಮನಶ್ಶಾಸ್ತ್ರಜ್ಞರು ಜಿಲ್ಲಾ ಕೇಂದ್ರಗಳಲ್ಲಿ ಸಿಗುವುದು ಕಷ್ಟ ಎಂಬುದನ್ನೂ ಒಪ್ಪಿಕೊಳ್ಳಬೇಕು. ಬದುಕೇ ಬೇಡವೆನ್ನಿಸುವಷ್ಟು ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ಮಾತ್ರೆಗಳು. ಮೊರೆತವನ್ನು ಗುಣಪಡಿಸುತ್ತದೆಂದು ಸಾಬೀತಾದ ಮಾತ್ರೆ ಇಲ್ಲ. ಬೀಟಾಹಿಸ್ಟಿನ್ ಕೊಡುವುದು ತಲೆಸುತ್ತಿಗೆ. ಗಿಂಕ್ಗೊ, ಸತು, ಮೆಲಟೋನಿನ್ ಬೇಡವೆಂದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ 2014ರಲ್ಲೇ ಹೇಳಿದೆ. ಖಿನ್ನತೆಯ ಮಾತ್ರೆ ಖಿನ್ನತೆಯಿದ್ದವರಿಗೆ ಬೇಕು, ಮೊರೆತಕ್ಕೆಂದೇ ಬೇಡ. ಪಕ್ಕದ ಮನೆಯವರಿಗೆ ಯಾವುದೋ ಮಾತ್ರೆಯಿಂದ ಕಡಿಮೆಯಾಯಿತಲ್ಲ ಎನ್ನುತ್ತೀರಿ. ಮೊರೆತ ಏರುವುದೂ ಇಳಿಯುವುದೂ ತನ್ನಷ್ಟಕ್ಕೇ ನಡೆಯುತ್ತದೆ, ತಿಂಗಳು ಕಳೆದಂತೆ ಹಲವರಿಗೆ ಒಗ್ಗಿಯೂ ಹೋಗುತ್ತದೆ. ಆಗ ಕೈಯಲ್ಲಿದ್ದ ಮಾತ್ರೆಗೆ ಕೀರ್ತಿ ಸಿಗುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯಂತೂ ಕಿವಿಯ ತಮಟೆಯಲ್ಲಿ ತೂತಿದ್ದರೆ ಸೀದಾ ನಡುಗಿವಿಗೆ ಇಳಿಯುತ್ತದೆ. ಅಂದ ಹಾಗೆ, ಕಾಫಿ ಬಿಟ್ಟವರಿಗೆ ಮೊರೆತ ತಗ್ಗಿತೇ ಎಂದು ಪ್ರಯೋಗ ಮಾಡಿ ನೋಡಿದ್ದಾರೆ. ತಗ್ಗಲಿಲ್ಲ, ತಲೆನೋವು ಬಂತು. ಬೆಳಗಿನ ಫಿಲ್ಟರ್ ಕಾಫಿ ಬಿಡಬೇಕೆಂದು ನಾನು ಯಾರಿಗೂ ಹೇಳುವುದಿಲ್ಲ.

ದುಬಾರಿ ಯಂತ್ರಗಳ ಜಾಹೀರಾತು ತೋರಿಸಿ ಕೇಳುವವರೂ ಹೆಚ್ಚಾಗಿದ್ದಾರೆ. ನಾಲಿಗೆಗೆ ಸಣ್ಣ ವಿದ್ಯುತ್ ಸ್ಪಂದನ, ಜೊತೆಗೆ ಕಿವಿಗೆ ಶಬ್ದ ಕೊಡುವ ಲೆನಿಯರ್ ಎಂಬ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಅನುಮತಿ ಕೊಟ್ಟಿತು. ಕುತೂಹಲದಿಂದ ಗಮನಿಸುತ್ತಿದ್ದೇನೆ, ಆದರೆ ಹಿಯರಿಂಗ್ ಏಡನ್ನೇ ಹಾಕಿ ನೋಡದವರು ಅದಕ್ಕೆ ಸಾಲ ಮಾಡುವುದು ನನಗೆ ಒಪ್ಪಿಗೆಯಿಲ್ಲ. ತಲೆಗೆ ಆಯಸ್ಕಾಂತದ ಸ್ಪಂದನ ಕೊಡುವ ಚಿಕಿತ್ಸೆಯನ್ನು ಮೇಲೆ ಹೇಳಿದ ಅಮೆರಿಕದ ವೈದ್ಯರ ಸಂಘವೇ ಶಿಫಾರಸು ಮಾಡಿಲ್ಲ. ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಎಂದವರ ಬಳಿ ಚರ್ಚೆಗೂ ನಿಲ್ಲಬೇಡಿ.

ಯಾವ ದಾರಿ ಹಿಡಿದರೂ ಆ 25 ಪ್ರಶ್ನೆಗಳಿಗೆ ಮೊದಲ ದಿನವೇ ಉತ್ತರ ಬರೆದು ಅಂಕ ಗುರುತು ಹಾಕಿಕೊಳ್ಳಿ. ನಡುವೆ ಬೆಳಿಗ್ಗೆ ಎದ್ದು 'ಇವತ್ತು ಇದೆಯಾ?' ಎಂದು ಕಿವಿಗೊಟ್ಟು ನೋಡುವುದು ಬೇಡ, ಹುಡುಕಿದವರಿಗೆ ಅದು ಇದ್ದೇ ಇರುತ್ತದೆ. ಮೂರು ತಿಂಗಳ ಮೇಲೆ ಮತ್ತೆ ಅವೇ ಪ್ರಶ್ನೆಗಳಿಗೆ ಉತ್ತರಿಸಿ. ಇಪ್ಪತ್ತು ಅಂಕ ಇಳಿದಿದ್ದರೆ ಹಿಡಿದ ದಾರಿಯಲ್ಲೇ ಮುಂದುವರಿಯಿರಿ. ಇಳಿಯದಿದ್ದರೆ, ಆ ಚಿಕಿತ್ಸೆ ಕೊಡುತ್ತಿರುವವಳು ನಾನೇ ಆಗಿದ್ದರೂ, ಬದಲಿಸಿ ಎಂದು ಕೇಳಿ.