ನರ ಸುಟ್ಟ ಮೇಲೂ ಬಿ.ಪಿ. ಇಳಿಯದಿದ್ದರೆ

"ನರವನ್ನೇ ಸುಟ್ಟಿದ್ದೀರಲ್ಲ ಡಾಕ್ಟರೇ, ಇನ್ನೂ ಮಾತ್ರೆ ಏಕೆ?" ಚಿಕಿತ್ಸೆಯಾದ ಮೂರನೇ ವಾರಕ್ಕೇ ಈ ಪ್ರಶ್ನೆ ಬರುತ್ತದೆ. ಕೆಲವರು ಕೇಳುವ ಗೋಜಿಗೂ ಹೋಗದೆ ಮಾತ್ರೆ ಬಿಟ್ಟಿರುತ್ತಾರೆ.

ಮೂತ್ರಪಿಂಡದ ರಕ್ತನಾಳವನ್ನು ಸುತ್ತುವರಿದ ಸಿಂಪಥೆಟಿಕ್ ನರಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆ, ಬಿ.ಪಿ. ಏರಿಸುವ ರೆನಿನ್ ಎಂಬ ರಾಸಾಯನಿಕವನ್ನು ಸ್ರವಿಸುವಂತೆ ಮೂತ್ರಪಿಂಡವನ್ನು ಪ್ರಚೋದಿಸುತ್ತವೆ. ರಕ್ತನಾಳದೊಳಗೆ ಕೆಥೆಟರ್ ಎಂಬ ತೆಳು ನಳಿಕೆ ತೂರಿಸಿ ಶಾಖದಿಂದ ಅವನ್ನು ಸುಡುತ್ತೇವೆ. 2010ರ ಅಧ್ಯಯನವೊಂದರಲ್ಲಿ ಆರು ತಿಂಗಳಿಗೆ ಮೇಲಿನ ಅಂಕಿ 32ರಷ್ಟು ಇಳಿದಾಗ ವೈದ್ಯಲೋಕ ಹಿಗ್ಗಿತ್ತು. 2014ರಲ್ಲಿ 'ಸಿಂಪ್ಲಿಸಿಟಿ ಎಚ್‌ಟಿಎನ್-3' ಎಂಬ ಅಧ್ಯಯನ ಪ್ರಕಟವಾಯಿತು. 535 ಮಂದಿಯಲ್ಲಿ ನಿಜವಾಗಿ ನರ ಸುಡಿಸಿಕೊಂಡವರಿಗೆ ಇಳಿದದ್ದು ಸುಮಾರು 14. ಬರೀ ಸುಟ್ಟಂತೆ ತೋರಿಸಿ ಕಳುಹಿಸಿದವರಿಗೂ ಸುಮಾರು 12!

ಏನೂ ಮಾಡಿಸಿಕೊಳ್ಳದವರಿಗೆ ಏಕೆ ಇಳಿಯಿತು ಎಂಬುದೇ ನನಗೆ ಹೆಚ್ಚು ಕುತೂಹಲದ ವಿಷಯ. ಯಾರೋ ಗಮನಿಸುತ್ತಿದ್ದಾರೆಂದು ತಿಳಿದರೆ ಜನ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ. ಬಿ.ಪಿ. ತೀರಾ ಏರಿದ ದಿನ ಆಯ್ಕೆಯಾದವರದು ತಾನಾಗಿಯೂ ಕೊಂಚ ಇಳಿಯುತ್ತದೆ. ಇತ್ತ, ಸುಟ್ಟವರಲ್ಲೂ ಹಲವರಿಗೆ ಸುಟ್ಟದ್ದು ಅರೆಬರೆ. ನರಗಳು ನಾಳದ ನಾಲ್ಕೂ ಮಗ್ಗುಲಲ್ಲಿವೆ. ಕವಲುಗಳ ಕಡೆಗೆ ಹೋದಂತೆ ನಾಳದ ಗೋಡೆಗೆ ಇನ್ನೂ ಹತ್ತಿರವಾಗುತ್ತವೆ. ಅಲ್ಲಿಗೆ ಶಾಖ ಮುಟ್ಟಬೇಕು. ವಯಸ್ಸಾಗಿ ಮಹಾಧಮನಿ ಗಡುಸಾಗಿ, ಮೇಲಿನ ಅಂಕಿ ಮಾತ್ರ ಏರಿದವರಿಗೆ ಲಾಭ ಕಡಿಮೆ. ಅಲ್ಲಿ ದೋಷ ನರದ್ದಲ್ಲ, ಕೊಳವೆಯದ್ದು.

ಈ ಪಾಠ ಕಲಿತು, ಮಾತ್ರೆ ನಿಲ್ಲಿಸಿದವರಲ್ಲಿ ನಡೆಸಿದ 2020ರ ಅಧ್ಯಯನದಲ್ಲಿ ಸುಟ್ಟವರಿಗೂ ಸುಟ್ಟಂತೆ ತೋರಿಸಿದವರಿಗೂ 24 ಗಂಟೆಗಳ ಸರಾಸರಿಯಲ್ಲಿ ಕಂಡ ವ್ಯತ್ಯಾಸ ಸುಮಾರು 4. ಸಣ್ಣದು, ಆದರೆ ನಿಜವಾದದ್ದು. 2023ರಲ್ಲಿ ಅಮೆರಿಕ ಎರಡು ಸಾಧನಗಳಿಗೆ ಅನುಮತಿ ನೀಡಿತು. ಇದನ್ನು ಮಾತ್ರೆಗೆ ಬದಲಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹೃದಯದ ಲಯ ಕೆಡಿಸುವ ಏಟ್ರಿಯಲ್ ಫಿಬ್ರಿಲೇಷನ್‌ಗೆ ಮಾಡುವ, ಹೃದಯದ ಒಳಗಿನ ಅಂಗಾಂಶವನ್ನು ಸುಡುವ ಅಬ್ಲೇಷನ್‌ನ ಕಥೆ ಬೇರೆ, ಅದು ಬಿ.ಪಿ. ಚಿಕಿತ್ಸೆಯೇ ಅಲ್ಲ. ನಾಡಿ ಅಡ್ಡಾದಿಡ್ಡಿ ಬಡಿಯುವಾಗ ಯಂತ್ರ ಪ್ರತಿ ಬಾರಿಯೂ ಬೇರೆ ಅಂಕಿ ತೋರಿಸುತ್ತದೆ. ಲಯ ಸರಿಯಾದ ಮೇಲೆ "ಬಿ.ಪಿ. ಜಾಸ್ತಿಯಾಗಿದೆ" ಎಂದು ಗಾಬರಿಯಾಗಿ ಬರುವವರಲ್ಲಿ ಕೆಲವರು ತಮ್ಮ ನಿಜವಾದ ಅಂಕಿಯನ್ನು ಮೊದಲ ಬಾರಿ ನೋಡುತ್ತಿರುತ್ತಾರೆ. ಅದು ಇಳಿಯದಿದ್ದರೆ ಲಯವೂ ಮತ್ತೆ ಕೆಡಬಹುದು. ಹಾಗಾಗಿ ಗೊರಕೆ, ತೂಕ, ಮದ್ಯ ಎಲ್ಲವನ್ನೂ ವಿಚಾರಿಸುತ್ತೇನೆ.

ನಿವೃತ್ತ ಮೇಷ್ಟ್ರೊಬ್ಬರಿಗೆ ನರ ಸುಟ್ಟ ನಂತರವೂ 160 ಇಳಿಯಲಿಲ್ಲ. ಪತ್ನಿ ಔಷಧದ ಚೀಲವನ್ನು ಮೇಜಿನ ಮೇಲೆ ಸುರಿದರು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ದಿನಕ್ಕೆರಡು ನುಂಗುತ್ತಿದ್ದ, ಬಿ.ಪಿ. ಏರಿಸಬಲ್ಲ ಮಾತ್ರೆ ಅದರಲ್ಲಿತ್ತು. "ಇದು ಬಿ.ಪಿ.ದಲ್ಲವಲ್ಲ ಎಂದು ಹೇಳಲಿಲ್ಲ" ಎಂದರು ಮೇಷ್ಟ್ರು.