'ನಾನು' ಎಣಿಸಿದರೆ ಮನಸ್ಸಿನ ಆಳ ಸಿಗುತ್ತದೆಯೇ?

ಪ್ರಶ್ನೆ: ಜನ ತಮ್ಮ ಬಗ್ಗೆ ಎಷ್ಟು ಆಪ್ತವಾಗಿ ಬರೆದಿದ್ದಾರೆ ಎಂದು ಅಳೆಯುವುದು ಹೇಗೆ? 'ನಾನು' ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ ಸಾಕಲ್ವಾ?

ಸಾಲದು. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ವರ್ಷ ಯಾರಾದರೊಬ್ಬರು 'ನಾನು' ಎಣಿಸಿಕೊಂಡು ಬರುತ್ತಾರೆ.

ಈ ಸಾಲು ನೋಡಿ: "ನಾನು ಎದ್ದೆ. ನಾನು ಕಾಫಿ ಕುಡಿದೆ. ನಾನು ಬಸ್ ಹತ್ತಿದೆ." ಈಗ ಇದು: "ಅಪ್ಪ ಹೋದ ದಿನ ಅಳು ಬರಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ." ಮೊದಲನೆಯದರಲ್ಲಿ ಮೂರು 'ನಾನು'. ಎರಡನೆಯದರಲ್ಲಿ ಒಂದೂ ಇಲ್ಲ. ಎಣಿಕೆಯ ಪ್ರಕಾರ ಕಾಫಿ ಕುಡಿದದ್ದೇ ಜಾಸ್ತಿ ಆಪ್ತ!

ಕನ್ನಡದಲ್ಲಂತೂ ಈ ಎಣಿಕೆ ಇನ್ನೂ ಕೆಡುತ್ತದೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಐ' ಬಿಡುವಂತಿಲ್ಲ. ನಮ್ಮಲ್ಲಿ 'ನಾನು' ಕ್ರಿಯಾಪದದ ಬಾಲದಲ್ಲೇ ಇರುತ್ತದೆ. 'ಸೋತೆ' ಅಂದರೆ ಸಾಕು, ಯಾರು ಸೋತದ್ದು ಅಂತ ಗೊತ್ತಾಗುತ್ತದೆ. 'ರಾತ್ರಿಯೆಲ್ಲ ಅತ್ತೆ' ಎಂದು ಬರೆದರೆ, ಸುಮ್ನೆ ಪದ ಎಣಿಸುವ ಯಂತ್ರ ಅದನ್ನು ಸೋದರತ್ತೆಯ ಲೆಕ್ಕಕ್ಕೂ ಹಾಕೀತು. ಪದ ಎಣಿಸುವುದೇ ವ್ಯರ್ಥ ಅನ್ನುತ್ತಿಲ್ಲ. ಬರೆದವರ ಗಮನ ಎತ್ತ ಇದೆ ಎಂಬುದರ ಸುಳಿವು ಅದರಲ್ಲಿ ಸಿಗುತ್ತದೆ. ಆಳ ಸಿಗುವುದಿಲ್ಲ.

ಆಳ ಬೇಕಿದ್ದರೆ ಮನುಷ್ಯರೇ ಓದಬೇಕು. ಮನಶ್ಶಾಸ್ತ್ರಜ್ಞರಾದ ಆಲ್ಟ್‌ಮನ್ ಮತ್ತು ಟೇಲರ್ 1973ರಲ್ಲೇ ಹರವು ಬೇರೆ, ಆಳ ಬೇರೆ ಎಂದು ಬಿಡಿಸಿ ಹೇಳಿದ್ದರು. ಹತ್ತು ವಿಷಯ ಮೇಲೆ ಮೇಲೆ ಹೇಳುವುದು ಹರವು, ಒಂದನ್ನೇ ಬಗೆದು ಹೇಳುವುದು ಆಳ. ಬರಹವನ್ನು ಮೂರು ಸಲ ಓದಿ: ಮಾಹಿತಿಗಾಗಿ, ವಿಚಾರಕ್ಕಾಗಿ, ಭಾವನೆಗಾಗಿ. ಪ್ರತಿಯೊಂದಕ್ಕೂ 1ರಿಂದ 3ರವರೆಗೆ ಅಂಕ ಕೊಡಿ; ಮೇಲುಮೇಲಿನದಕ್ಕೆ 1, ತೀರಾ ಆಪ್ತವಾದದ್ದಕ್ಕೆ 3. ಇನ್ನೊಬ್ಬರೂ ನಿಮ್ಮ ಅಂಕ ನೋಡದೆ ಹಾಗೇ ಮಾಡಲಿ. ಇಬ್ಬರೂ ಎಷ್ಟು ಒಪ್ಪಿದಿರಿ ಎಂಬುದನ್ನು ಕೊಹೆನ್ನರ ಕಪ್ಪಾ ಎಂಬ ಸಂಖ್ಯಾಶಾಸ್ತ್ರದ ಅಳತೆಯಿಂದ ನೋಡಿ. ಆಕಸ್ಮಿಕವಾಗಿ ಆಗುವ ಒಪ್ಪಿಗೆಯನ್ನು ಅದು ಕಳೆದುಬಿಡುತ್ತದೆ. ಈ ಕೆಲಸಕ್ಕೆ ದಿನಗಟ್ಟಲೆ ಬೇಕು. ಚೆನ್ನಾಗಿ ಮಾಡಿದ ನನ್ನ ವಿದ್ಯಾರ್ಥಿಗಳ ಬಗ್ಗೆ ನನಗೆ ಹೆಮ್ಮೆಯಿದೆ.

ನೀವು ಕೇಳದ ಒಂದು ಮಾತು. 3 ಅಂಕಕ್ಕೆ ಅರ್ಹವಾದದ್ದು ಯಾವುದು ಅಂತ ಯಾರು ತೀರ್ಮಾನಿಸುತ್ತಾರೆ? ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಸಿಡ್ನಿ ಜುರಾರ್ಡ್ ಮತ್ತು ಲಸಾಕೋ 1958ರಲ್ಲಿ, ಜನ ತಮ್ಮ ಬಗ್ಗೆ ಬೇರೆಯವರಿಗೆ ಎಷ್ಟು ಹೇಳಿಕೊಳ್ಳುತ್ತಾರೆ ಎಂದು ತಿಳಿಯಲು 60 ಅಂಶಗಳ ಪ್ರಶ್ನಾವಳಿ ಮಾಡಿದರು. ಅಭಿರುಚಿ, ಕೆಲಸದ ಬಗ್ಗೆ ಜನ ಧಾರಾಳವಾಗಿ ಹೇಳಿಕೊಂಡರು. ಹಣ, ದೇಹದ ವಿಷಯ ಬಂದಾಗ ಬಾಯಿ ಬಿಗಿಹಿಡಿದರು. ನಮ್ಮಲ್ಲಿ ರೈಲಿನಲ್ಲಿ ಪಕ್ಕ ಕೂತವರೇ ಸಂಬಳ ಎಷ್ಟು ಅಂತ ಕೇಳುತ್ತಾರೆ, ನಾವೂ ಹೇಳುತ್ತೇವೆ. ಅದೇ ಸಾಲ ಎಷ್ಟಿದೆ ಅಂತ ಸ್ವಂತ ಅಣ್ಣನಿಗೂ ಹೇಳುವುದಿಲ್ಲ. ಅದಕ್ಕೇ ನನ್ನ ಪಟ್ಟಿಯಲ್ಲಿ ಸಂಬಳಕ್ಕೆ 1, ಸಾಲಕ್ಕೆ 3.