‘ಮನಿಗೆ ಕರ್ಕೊಂಡು ಹೋಗ್ರಿ’ ಅಂದ ಮೇಲೆ ನೋವಿಗೆ ಏನು ಮಾಡೋದು?

ಪ್ರಶ್ನೆ: ಅಪ್ಪಗ ಬಾಯಿ ಕ್ಯಾನ್ಸರ್. ‘ಇನ್ನ ಏನೂ ಮಾಡಾಕ ಆಗಂಗಿಲ್ಲ, ಮನಿಗೆ ಕರ್ಕೊಂಡು ಹೋಗ್ರಿ’ ಅಂದಾರ. ರಾತ್ರಿಯೆಲ್ಲಾ ನರಳತಾರ. ಮಾರ್ಫಿನ್ ಕೊಟ್ರ ಚಟ ಹತ್ತತೈತಿ ಅಂತಾರ, ಖರೇನಾ? ನಮ್ಮ ಇಂಡಿ ಕಡೆ ಅದು ಎಲ್ಲಿ ಸಿಗತೈತಿ?

ಉತ್ತರ: ಕ್ಯಾನ್ಸರ್ ವಾಸಿಯಾಗದಿದ್ದರೂ ನೋವನ್ನು ಬಹಳ ಮಟ್ಟಿಗೆ ಇಳಿಸಬಹುದು. ಉಪಶಮನ ಆರೈಕೆ ಅನ್ನೋದು ಅದಕ್ಕೇ ಇರೋದು.

ಮಾರ್ಫಿನ್ ಅಂದರೆ ಅಫೀಮಿನಿಂದ ಮಾಡುವ ಜೋರಾದ ನೋವಿನ ಔಷಧಿ. ನೋವು ನೋಡಿ ಡಾಕ್ಟರ್ ಬರೆದ ಮಾರ್ಫಿನ್ ಮಾತ್ರೆಗೆ ಚಟ ಹತ್ತುವುದು ಅಪರೂಪ. ಸಾದಾ ಮಾರ್ಫಿನ್ ಮಾತ್ರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಹಾಗಾಗಿ ನರಳುವ ತನಕ ಕಾಯದೆ, ಡಾಕ್ಟರ್ ಹೇಳಿದಂತೆ ಗಡಿಯಾರ ನೋಡಿ ಕೊಡಿ. ಕೊಟ್ಟಾಗೆಲ್ಲ ಗೋಡೆ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಒಂದು ಗೆರೆ ಎಳೆಯಿರಿ. ಹಗಲು ಅವ್ವ, ರಾತ್ರಿ ನೀವು ಕೊಟ್ಟರೂ ಲೆಕ್ಕ ತಪ್ಪಲ್ಲ. ಹೊಟ್ಟೆ ಕಟ್ಟುವುದು ಮಾತ್ರ ಹೆಚ್ಚುಕಮ್ಮಿ ಗ್ಯಾರಂಟಿ. ಮೊದಲ ದಿನವೇ ಅದಕ್ಕೂ ಮಾತ್ರೆ ಬರೆಸಿಕೊಳ್ಳಿ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಉಸಿರು ತೀರಾ ನಿಧಾನವಾದರೆ, ಮುಂದಿನ ಮಾತ್ರೆ ಕೊಡದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ನೀವು ಕೇಳದ ಒಂದು ಮಾತು. ಗಾಯ ಕೆನ್ನೆಯ ಹೊರಗೆ ಬಂದು ವಾಸನೆ ಶುರುವಾದರೆ ಮೊಮ್ಮಕ್ಕಳೂ ಹತ್ತಿರ ಸುಳಿಯಲ್ಲ. ಅದು ನೋವಿಗಿಂತ ಜಾಸ್ತಿ ಚುಚ್ಚುತ್ತದೆ, ಅಲ್ವಾ? ಮೆಟ್ರೋನಿಡಜೋಲ್ ಮಾತ್ರೆ ನುಣ್ಣಗೆ ಪುಡಿ ಮಾಡಿ, ತೊಳೆದ ಗಾಯದ ಮೇಲೆ ಉದುರಿಸಿದರೆ ವಾಸನೆ ಇಳಿಯುತ್ತದೆ. ಡಾಕ್ಟರನ್ನು ಕೇಳಿ, ನರ್ಸ್ ಹತ್ತಿರ ಒಮ್ಮೆ ಮಾಡಿಸಿ ನೋಡಿಕೊಳ್ಳಿ.

ಇನ್ನು ಎಲ್ಲಿ ಸಿಗುತ್ತದೆ ಅನ್ನೋದು. ಸಾಮಾನ್ಯ ಮೆಡಿಕಲ್ ಶಾಪುಗಳನ್ನು ಸುಮ್ನೆ ಸುತ್ತಬೇಡಿ. ಮೊದಲು ಆಸ್ಪತ್ರೆಗಳೂ ಇದಕ್ಕೆ ಹಲವು ಲೈಸೆನ್ಸ್ ಪಡೆಯಬೇಕಿತ್ತು. 2014ರಲ್ಲಿ ಮಾದಕವಸ್ತು ಕಾಯ್ದೆ ತಿದ್ದಿದ ಮೇಲೆ ಒಂದೇ ಮಾನ್ಯತೆ ಸಾಕು. ಆದರೂ ಅದನ್ನು ಪಡೆದ ಆಸ್ಪತ್ರೆಗಳು ಊರೂರಿಗಿಲ್ಲ. ಮಾರ್ಫಿನ್‌ಗೆ ಬೇಕಾದ ಅಫೀಮನ್ನು ಮಧ್ಯಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೆಳೆಸುತ್ತದೆ. ನಮ್ಮ ರೋಗಿ ಮಾತ್ರ ಇಲ್ಲಿ ಒದ್ದಾಡಬೇಕು!

ವಿಜಯಪುರದ ಬಸ್ ಹತ್ತುವ ಮೊದಲು ದೊಡ್ಡ ಆಸ್ಪತ್ರೆಗಳ ಕ್ಯಾನ್ಸರ್ ವಿಭಾಗಕ್ಕೆ, ಇಲ್ಲವೇ ಅರಿವಳಿಕೆ ವಿಭಾಗಕ್ಕೆ ಫೋನ್ ಮಾಡಿ. ಎಷ್ಟೋ ಕಡೆ ನೋವಿನ ಚಿಕಿತ್ಸೆ ನೋಡುವವರು ಅರಿವಳಿಕೆ ಡಾಕ್ಟರುಗಳೇ. ಮಾರ್ಫಿನ್ ಸ್ಟಾಕ್ ಇದೆಯಾ, ಬರೆಯುವ ಡಾಕ್ಟರ್ ಯಾವ ದಿನ ಸಿಗುತ್ತಾರೆ, ಪ್ರತಿ ಸಲ ಅಪ್ಪನನ್ನೇ ಕರೆತರಬೇಕಾ ಅಂತ ಕೇಳಿ. ಊರಿನ ಆಶಾ ಕಾರ್ಯಕರ್ತೆಗೂ ವಿಷಯ ತಿಳಿಸಿ. ಆಯುಷ್ಮಾನ್ ಆರೋಗ್ಯ ಮಂದಿರಗಳು, ಅಂದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಗಳು, ಕೊಡಬೇಕಾದ ಸೇವೆಗಳಲ್ಲಿ ಉಪಶಮನ ಆರೈಕೆಯೂ ಇದೆ. ಹಾಗಾಗಿ ಮನೆಗೆ ಬಂದು ನೋಡಿ ಅಂತ ಕೇಳಲು ಸಂಕೋಚ ಬೇಡ.

ಮಾತ್ರೆ ಐದಾರು ದಿನಕ್ಕಾಗುವಷ್ಟು ಇರುವಾಗಲೇ ಮತ್ತೆ ಫೋನ್ ಮಾಡಿ. ನಡುವೆ ಭಾನುವಾರವೋ ಹಬ್ಬವೋ ಬಂದೇ ಬರುತ್ತದೆ.